ಜಂತೆಯಲ್ಲಿ ದುಂಬಿ

ಹಳೆಯ ಮನೆಯ ಜಂತೆಯಲ್ಲಿ ಸುಮಾರು 1 ಸೆಂಟಿಮೀಟರ್ ಅಗಲದ ದುಂಡನೆಯ ರಂಧ್ರವನ್ನೂ, ಅದರ ಕೆಳಗೆ ಉದುರಿದ ಮರದ ಹುಡಿಯನ್ನೂ ನೀವು ಕಂಡಿರಬಹುದು. ಅದು ಬಡಗಿ ದುಂಬಿಯ ಮನೆಯ ಬಾಗಿಲು. ಇದರ ಶಾಸ್ತ್ರೀಯ ನಾಮವಾದ ‘ಕ್ಸೈಲೋಕೋಪ’ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ಮರ ಕಡಿಯುವವನು ಎಂದೇ ಅರ್ಥ.

ಇದರ ಝೇಂಕಾರ ಕೇಳಿದೊಡನೆ ಪೊರಕೆ ಹಿಡಿಯುವವರುಂಟು. ಈ ಭಯಕ್ಕೆ ಆಧಾರವಿದೆಯೇ? ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಿಗೆ ಕೊಂಡಿಯುಂಟು, ಆದರೆ ಹಿಡಿದು ಅದುಮಿದರಲ್ಲದೆ ಅದು ಸಾಮಾನ್ಯವಾಗಿ ಕುಟುಕದು. ಹೆಜ್ಜೇನಿನಂತೆ ಹಿಂಡುಗಟ್ಟಿ ಮೇಲೆರಗುವುದೂ ಇಲ್ಲ.

ಹೆಣ್ಣು ಮರವನ್ನು ಕೊರೆಯುವುದೇ ಹೊರತು ತಿನ್ನುವುದಿಲ್ಲ. ಸುರಂಗದಲ್ಲಿ ಪರಾಗ ಮಕರಂದಗಳ ಉಂಡೆಯನ್ನಿಟ್ಟು, ಅದರೊಡನೆ ಒಂದು ಮೊಟ್ಟೆಯನ್ನಿಟ್ಟು, ಮರದ ಹುಡಿಯಿಂದ ಅಡ್ಡಗೋಡೆ ಕಟ್ಟುತ್ತದೆ. ಹೀಗೆ ಕೋಣೆಯ ಮುಂದೆ ಕೋಣೆ ಏಳುತ್ತದೆ.

ಇದರಿಂದ ನಮಗೇನು ಪ್ರಯೋಜನ? ಬದನೆಯ ಹೂವಿನ ಪರಾಗಕೋಶವು ತುದಿಯ ಕಿರುರಂಧ್ರದಿಂದ ಮಾತ್ರ ಪರಾಗವನ್ನು ಬಿಡುತ್ತದೆ. ದುಂಬಿಯು ಹೂವನ್ನು ಅಪ್ಪಿ, ಎದೆಯ ಸ್ನಾಯುಗಳನ್ನು ಕಂಪಿಸಿದಾಗ ಪರಾಗ ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು.

ಆದರೂ ವರ್ಷ ವರ್ಷವೂ ಒಂದೇ ತೊಲೆಯನ್ನು ಕೊರೆದರೆ ಅದು ಸಡಿಲವಾದೀತು. ಆದ್ದರಿಂದ ಮರಿದುಂಬಿಗಳು ಹೊರಬಿದ್ದ ಮೇಲೆ ರಂಧ್ರವನ್ನು ಮುಚ್ಚಿ ಬಣ್ಣ ಬಳಿಯಿರಿ. ಹಿತ್ತಲಿನಲ್ಲಿ ಒಣಬಿದಿರಿನ ಕೆಲವು ತುಂಡುಗಳನ್ನು ಕಟ್ಟಿಡಿರಿ. ತೊಲೆಯೂ ಉಳಿಯುವುದು, ಬದನೆಯೂ ಚೆನ್ನಾಗಿ ಕಾಯಿಕಟ್ಟುವುದು.