ಪ್ರಮಾಣಿಸಿ ನೋಡು

ಆಶಯ: ಅಧಿಕಾರದಲ್ಲಿರುವವರ ಮೇಲೆ ಆರೋಪ ಬಂದಾಗ ನಿಜವನ್ನು ತಿಳಿಯುವ ಹಕ್ಕು ಜನರಿಗಿದೆ. ತನ್ನ ಮಾತನ್ನು ಹೇಳಿಕೊಳ್ಳುವ ಹಕ್ಕು ಆರೋಪ ಹೊತ್ತವರಿಗಿದೆ. ಈ ಎರಡನ್ನೂ ಕಾಪಾಡಲು ನಮ್ಮ ದೇಶದಲ್ಲಿ ನಡೆದ ಪ್ರಯತ್ನಗಳನ್ನು ಮೂರು ಘಟನೆಗಳ ಮೂಲಕ ಈ ಪಾಠದಲ್ಲಿ ವಿವರಿಸಲಾಗಿದೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಿಗೆ ಕಂಡದ್ದನ್ನೂ ಪರೀಕ್ಷಿಸಬೇಕು ಎಂದ ಮೇಲೆ ಕಿವಿಗೆ ಬಿದ್ದದ್ದನ್ನು ಎಷ್ಟು ಪರೀಕ್ಷಿಸಬೇಕು! ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಸುದ್ದಿ ಬಂದಾಗ ಜನರಿಗೆ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನಲ್ಲಿ ತೀರ್ಪು ಕೊಡಲಾಗದು. ದೊಡ್ಡವರ ಗೊಡವೆ ನಮಗೇಕೆಂದು ಸುಮ್ಮನಿರುವುದೂ ತಪ್ಪು. ಸರಿಯಾದ ವಿಚಾರಣೆಯೊಂದೇ ಇದಕ್ಕೆ ದಾರಿ.

ಮೊದಲ ಘಟನೆ 1951ರದು. ಆಗಿನ್ನೂ ಮೊದಲ ಸಾರ್ವತ್ರಿಕ ಚುನಾವಣೆ ನಡೆದಿರಲಿಲ್ಲ. ತಾತ್ಕಾಲಿಕ ಸಂಸತ್ತು ಕೆಲಸ ಮಾಡುತ್ತಿತ್ತು. ಅದರ ಸದಸ್ಯರಾದ ಎಚ್. ಜಿ. ಮುದ್ಗಲ್ ಅವರು ಮುಂಬಯಿಯ ಚಿನ್ನಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು, ಸಂಸತ್ತಿನಲ್ಲಿ ಅದರ ಪರವಾಗಿ ಪ್ರಶ್ನೆ ಕೇಳಿದರೆಂಬ ಆರೋಪ ಬಂದಿತು. ಪ್ರಧಾನಿ ನೆಹರೂ ಅವರೇ ಸದನದಲ್ಲಿ ನಿರ್ಣಯ ಮಂಡಿಸಿ, ವಿಚಾರಣಾ ಸಮಿತಿಯನ್ನು ನೇಮಿಸುವಂತೆ ಮಾಡಿದರು. ಮುದ್ಗಲ್ ಅವರಿಗೆ ಆರೋಪವನ್ನು ತಿಳಿಸಲಾಯಿತು. ವಕೀಲರ ನೆರವು ಪಡೆಯಲು, ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು, ಕೊನೆಗೆ ಸದನದಲ್ಲಿಯೇ ಎದ್ದು ಸಮಜಾಯಿಷಿ ನೀಡಲು ಅವಕಾಶ ದೊರೆಯಿತು. ಸಮಿತಿಗೆ ಆರೋಪ ನಿಜವೆಂದು ಕಂಡುಬಂದಿತು. ಚರ್ಚೆಯ ನಡುವೆ ಅವರು ರಾಜೀನಾಮೆ ಕೊಟ್ಟರು. ಆದರೂ ಸದನವು ವಿಷಯವನ್ನು ಅಷ್ಟಕ್ಕೆ ಬಿಡಲಿಲ್ಲ. ಅವರು ಉಚ್ಚಾಟನೆಗೆ ಅರ್ಹರಾಗಿದ್ದರೆಂದು ದಾಖಲಿಸಿತು. ರಾಜೀನಾಮೆಯ ಮರೆಯಲ್ಲಿ ಸತ್ಯ ಅಡಗಬಾರದೆಂಬುದು ಸದನದ ನಿಲುವಾಗಿತ್ತು.

ಆ ಸಮಿತಿಯ ಅಧ್ಯಕ್ಷರಾಗಿದ್ದವರು ಟಿ. ಟಿ. ಕೃಷ್ಣಮಾಚಾರಿ. ಏಳು ವರ್ಷಗಳ ನಂತರ ಅವರೇ ಇನ್ನೊಂದು ವಿಚಾರಣೆಯಲ್ಲಿ ಉತ್ತರ ಹೇಳಬೇಕಾಗಿ ಬಂದಿತು. ಆಗ ಅವರು ದೇಶದ ಹಣಕಾಸು ಮಂತ್ರಿ.

ಜೀವ ವಿಮಾ ನಿಗಮ ಸ್ಥಾಪನೆಯಾದದ್ದು 1956ರಲ್ಲಿ. ಸಾಮಾನ್ಯ ಜನರು ಕಂತು ಕಂತಾಗಿ ಕಟ್ಟಿದ ಹಣವೇ ಅದರ ಬಂಡವಾಳ. 1957ರ ಜೂನ್ ತಿಂಗಳಲ್ಲಿ ನಿಗಮವು ಹರಿದಾಸ ಮುಂದ್ರಾ ಎಂಬ ಉದ್ಯಮಿಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಒಂದು ಕೋಟಿ ರೂಪಾಯಿಗೂ ಮಿಕ್ಕಿದ ಬೆಲೆಗೆ ಕೊಂಡಿತು. ಬಂಡವಾಳ ಹೂಡಿಕೆಗೆಂದೇ ಇದ್ದ ಸಮಿತಿಯನ್ನು ಮೊದಲು ಕೇಳಿರಲಿಲ್ಲ. ಈ ವಿಷಯವನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಎತ್ತಿದವರು ಫಿರೋಜ್ ಗಾಂಧಿ. ಅವರು ಆಳುವ ಪಕ್ಷದವರೇ. ಪ್ರಧಾನಿಯ ಅಳಿಯಂದಿರು ಕೂಡ. ಸಂಬಂಧವಾಗಲಿ ಪಕ್ಷವಾಗಲಿ ಅವರ ಪ್ರಶ್ನೆಗೆ ಅಡ್ಡ ಬರಲಿಲ್ಲ.

ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. 1958ರ ಆರಂಭದಲ್ಲಿ ಮುಂಬಯಿಯಲ್ಲಿ ವಿಚಾರಣೆ ನಡೆಯಿತು. ಅದಕ್ಕೆ ಮುಚ್ಚಿದ ಬಾಗಿಲು ಇರಲಿಲ್ಲ. ಜನ ಕಿಕ್ಕಿರಿದು ಸೇರಿದರು. ಒಳಗೆ ಸ್ಥಳ ಸಿಗದವರಿಗಾಗಿ ಹೊರಗೆ ಧ್ವನಿವರ್ಧಕಗಳನ್ನು ಇಡಲಾಯಿತು. ಮಂತ್ರಿ, ಹಣಕಾಸು ಕಾರ್ಯದರ್ಶಿ, ನಿಗಮದ ಅಧಿಕಾರಿಗಳು ಹೇಳಿದ್ದನ್ನು ಸಾಮಾನ್ಯ ಜನರು ತಮ್ಮ ಕಿವಿಯಿಂದಲೇ ಕೇಳಿದರು. ಫೆಬ್ರವರಿಯಲ್ಲಿ ವರದಿ ಸಿದ್ಧವಾಯಿತು. ಮಂತ್ರಿಗಳು ಸ್ವಂತಕ್ಕೆ ಹಣ ಮಾಡಿಕೊಂಡರೆಂದು ಅದು ಹೇಳಲಿಲ್ಲ. ಆದರೆ ಕಾರ್ಯದರ್ಶಿಯ ಕೃತ್ಯಕ್ಕೆ ಮಂತ್ರಿಯೇ ಹೊಣೆ, ‘ನನಗೆ ತಿಳಿಯದು’ ಎಂದು ಜಾರಿಕೊಳ್ಳಲಾಗದು ಎಂದಿತು. ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ಅಧಿಕಾರಿಗಳ ನಡತೆಯನ್ನು ಪರಿಶೀಲಿಸಲು ನ್ಯಾಯಮೂರ್ತಿ ವಿವಿಯನ್ ಬೋಸ್ ಅವರ ನೇತೃತ್ವದಲ್ಲಿ ಬೇರೆಯೇ ಮಂಡಲಿ ನೇಮಕವಾಯಿತು. ಏಕೆಂದರೆ ಆಯೋಗದ ಕೆಲಸ ನಿಜಾಂಶವನ್ನು ಹುಡುಕುವುದು. ಶಿಕ್ಷೆ ವಿಧಿಸುವುದು ಅದರ ಕೆಲಸವಲ್ಲ. ಮುಂದೆ 1962ರಲ್ಲಿ ಕೃಷ್ಣಮಾಚಾರಿ ಮತ್ತೆ ಕೇಂದ್ರದ ಮಂತ್ರಿಯಾದರು.

ಬಹಿರಂಗ ವಿಚಾರಣೆಯಿಂದ ಜನರ ನಂಬಿಕೆ ಬೆಳೆಯುತ್ತದೆ. ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ಬೆಳಿಗ್ಗೆ ಒಬ್ಬ ಸಾಕ್ಷಿ ಹೇಳಿದ ಮಾತು ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಆರೋಪ ಹೊತ್ತವರ ಉತ್ತರ ಮರುದಿನ ಬಂದರೆ ಅದನ್ನು ಕೇಳುವವರು ಕಡಿಮೆ. ಹೀಗೆ ಕೆಟ್ಟ ಹೆಸರು ತೊಳೆದರೂ ಹೋಗದು. ವಿಚಾರಣಾ ಆಯೋಗಗಳ 1952ರ ಕಾಯಿದೆಗೆ 1971ರಲ್ಲಿ ಆದ ತಿದ್ದುಪಡಿಯು ಈ ದೃಷ್ಟಿಯಿಂದ ಮಹತ್ವದ್ದು. ಆಯೋಗದ ನಿರ್ಣಯದಿಂದ ಯಾರ ಹೆಸರಿಗೆ ಧಕ್ಕೆ ಬರುವ ಸಂಭವವಿದೆಯೋ ಅವರ ಮಾತನ್ನು ಕೇಳಲೇಬೇಕು. ಸಾಕ್ಷಿಗಳನ್ನು ಪ್ರಶ್ನಿಸಲು ಅವರಿಗೆ ಅವಕಾಶ ಕೊಡಬೇಕು ಎಂದು ಅದು ವಿಧಿಸಿತು. ಅದೇ ತಿದ್ದುಪಡಿಯು ಜನರ ಹಕ್ಕನ್ನೂ ಮರೆಯಲಿಲ್ಲ. ವರದಿ ಕೈಸೇರಿದ ಆರು ತಿಂಗಳೊಳಗೆ, ಕೈಗೊಂಡ ಕ್ರಮದ ವಿವರದೊಡನೆ, ಸರಕಾರವು ಅದನ್ನು ಸದನದ ಮುಂದೆ ಇಡಬೇಕೆಂದು ಹೇಳಿತು. ಕಪಾಟಿನಲ್ಲಿ ಬೀಗ ಹಾಕಿಟ್ಟ ವರದಿಯಿಂದ ತಪ್ಪಿತಸ್ಥನಿಗೆ ರಕ್ಷಣೆ. ನಿರಪರಾಧಿಗೆ ಮಾತ್ರ ಕಳಂಕ ಹಾಗೆಯೇ ಉಳಿಯುತ್ತದೆ.

ನಮ್ಮ ಮಹಾರಾಷ್ಟ್ರವು ಅದೇ 1971ರಲ್ಲಿ ಮಾಡಿದ ಲೋಕಾಯುಕ್ತ ಕಾಯಿದೆ ತುಸು ಬೇರೆ ದಾರಿ ಹಿಡಿಯಿತು. ತನಿಖೆಯನ್ನು ಗೋಪ್ಯವಾಗಿ ನಡೆಸಬೇಕು. ಸಾರ್ವಜನಿಕ ಮಹತ್ವದ ವಿಷಯವಾದರೆ ಕಾರಣವನ್ನು ಬರೆದಿಟ್ಟು ಬಹಿರಂಗವಾಗಿ ನಡೆಸಬಹುದು ಎಂಬ ನಿಯಮ ಅದರಲ್ಲಿತ್ತು.

ಮೂರನೆಯ ಘಟನೆಯಲ್ಲಿ ಕ್ರಮವೇ ತಿರುಗಿತು. 2005ರ ಡಿಸೆಂಬರ್ 12ರಂದು, ಸಂಸದರು ಪ್ರಶ್ನೆ ಕೇಳಲು ಹಣ ಪಡೆಯುವ ರಹಸ್ಯ ಚಿತ್ರಣ ದೂರದರ್ಶನ ವಾಹಿನಿಯೊಂದರಲ್ಲಿ ಪ್ರಸಾರವಾಯಿತು. ದೇಶವೆಲ್ಲ ಮೊದಲು ನೋಡಿತು. ವಿಚಾರಣೆ ಆಮೇಲೆ ಬಂದಿತು. ಸಮಿತಿಗಳ ವರದಿಯ ಮೇಲೆ ಡಿಸೆಂಬರ್ 23ರಂದು ಲೋಕಸಭೆಯ ಹತ್ತು ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರನ್ನು ಉಚ್ಚಾಟಿಸಲಾಯಿತು. ತಪ್ಪನ್ನು ಕೂಡಲೇ ದಂಡಿಸಿದ್ದು ಒಳ್ಳೆಯದಾಯಿತೆಂದರು ಹಲವರು. ಇಷ್ಟು ಅವಸರದಲ್ಲಿ ಸಮರ್ಥನೆಗೆ ಸಾಕಷ್ಟು ಅವಕಾಶ ಸಿಕ್ಕಿತೇ ಎಂದು ಕೇಳಿದರು ಕೆಲವರು. ಸರ್ವೋಚ್ಚ ನ್ಯಾಯಾಲಯವು 2007ರ ಜನವರಿಯಲ್ಲಿ ಬಹುಮತದ ತೀರ್ಪಿನಿಂದ ಉಚ್ಚಾಟನೆಯನ್ನು ಎತ್ತಿಹಿಡಿಯಿತು. ಆದರೆ ಸದನದ ಇಂಥ ನಿರ್ಣಯವೂ ನ್ಯಾಯಾಲಯದ ಪರಿಶೀಲನೆಗೆ ಹೊರತಲ್ಲವೆಂದು ಸ್ಪಷ್ಟಪಡಿಸಿತು.

ಈ ಮೂರೂ ಘಟನೆಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಮಾತು ತಿಳಿಯುತ್ತದೆ. ಗುಟ್ಟಾಗಿ ನಡೆದ ವಿಚಾರಣೆ ನ್ಯಾಯವಾಗಿದ್ದರೂ ಜನ ಅದನ್ನು ನಂಬುವುದಿಲ್ಲ. ಆರೋಪಿಯ ಮಾತು ಕೇಳದ ವಿಚಾರಣೆ ಎಷ್ಟೇ ಬಹಿರಂಗವಾಗಿದ್ದರೂ ನ್ಯಾಯವಾಗುವುದಿಲ್ಲ. ನಾಳೆ ಮತದಾರರಾಗುವ ನಾವು ಆರೋಪವೊಂದನ್ನು ಕೇಳಿದಾಗ ಎರಡು ಪ್ರಶ್ನೆ ಹಾಕಿಕೊಳ್ಳಬೇಕು: ಸಾಕ್ಷ್ಯವೆಲ್ಲ ಹೊರಗೆ ಬಂದಿದೆಯೇ? ಅವರ ಮಾತನ್ನು ಯಾರಾದರೂ ಕೇಳಿದ್ದಾರೆಯೇ?

ಪದಗಳ ಅರ್ಥ
ಪ್ರಮಾಣಿಸು – ಪರೀಕ್ಷಿಸಿ ಖಚಿತಪಡಿಸಿಕೊಳ್ಳು
ಸಮಜಾಯಿಷಿ – ವಿವರಣೆ, ಸಮಾಧಾನ
ಪಾಟೀಸವಾಲು – ಎದುರು ಪಕ್ಷದ ಸಾಕ್ಷಿಗೆ ಹಾಕುವ ಪ್ರಶ್ನೆ
ಉಚ್ಚಾಟನೆ – ಹೊರಹಾಕುವಿಕೆ
ಕಳಂಕ – ಕಪ್ಪುಚುಕ್ಕೆ, ಕೆಟ್ಟ ಹೆಸರು

ಅಭ್ಯಾಸ
ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. 1951ರ ವಿಚಾರಣಾ ಸಮಿತಿಯ ಅಧ್ಯಕ್ಷರು ಯಾರು?
2. ಛಾಗ್ಲಾ ಆಯೋಗದ ವಿಚಾರಣೆ ಎಲ್ಲಿ ನಡೆಯಿತು?
ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಾಜೀನಾಮೆ ಬಂದ ಮೇಲೂ ಸದನವು ಮುದ್ಗಲ್ ಅವರ ವಿಷಯವನ್ನು ಏಕೆ ಬಿಡಲಿಲ್ಲ?
2. 1971ರ ತಿದ್ದುಪಡಿಯು ಆರೋಪ ಹೊತ್ತವರಿಗೂ ಜನರಿಗೂ ಹೇಗೆ ನೆರವಾಯಿತು?
ಇ) ಚರ್ಚಿಸಿರಿ.
ವಿಚಾರಣೆ ಮುಗಿಯುವ ಮೊದಲೇ ಆರೋಪಿಯ ಹೆಸರನ್ನು ಪ್ರಕಟಿಸಬೇಕೇ? ತರಗತಿಯಲ್ಲಿ ಎರಡು ಗುಂಪುಗಳಾಗಿ ವಾದ ಮಂಡಿಸಿರಿ. ಬಳಿಕ ಗುಂಪುಗಳನ್ನು ಅದಲು ಬದಲು ಮಾಡಿ ಮತ್ತೊಮ್ಮೆ ವಾದಿಸಿರಿ.