ಹುಳು ಮನೆಯ ಫಾರ್ಮಲಿನ್

ಪ್ರಶ್ನೆ: ಎರಡು ಎಕರೆ ಹಿಪ್ಪುನೇರಳೆ ಇದೆ. ಪ್ರತಿ ಬೆಳೆಗೂ ಮುಂಚೆ ಹುಳು ಮನೆಗೆ ಫಾರ್ಮಲಿನ್ ಹೊಡೆಯುವವನು ನಾನೇ. ಕಣ್ಣುರಿ, ಗಂಟಲು ಕೆರೆತ ಮೊದಲಿಂದಲೂ ಇತ್ತು. ಈಚೆಗೆ ರಾತ್ರಿ ಕೆಮ್ಮು, ಎದೆ ಬಿಗಿತ. ಫಾರ್ಮಸಿ ಓದುವ ಮಗಳು ಅಮೆರಿಕದ ಕೈಪಿಡಿಯೊಂದನ್ನು ಮೊಬೈಲಿನಲ್ಲಿ ತೋರಿಸಿ, ಇದು ಕ್ಯಾನ್ಸರ್ ತರುತ್ತದೆ ಅನ್ನುತ್ತಾಳೆ. ನಿಜವೇ?
— ರೇಷ್ಮೆ ಬೆಳೆಗಾರ, ಜಂಗಮಕೋಟೆ

ಉತ್ತರ: ಮಗಳು ಹೇಳಿದ್ದು ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಫಾರ್ಮಲಿನ್ನಿನಲ್ಲಿರುವ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆದರೆ ಅದಕ್ಕೆ ಮುಖ್ಯ ಆಧಾರವಾದದ್ದು ವರ್ಷಗಟ್ಟಲೆ ಈ ಆವಿಯಲ್ಲಿ ದುಡಿದ ಕಾರ್ಖಾನೆ ಕಾರ್ಮಿಕರ ಲೆಕ್ಕ. ನೀವು ಬೆಳೆಗೊಮ್ಮೆ ಹೊಡೆಯುವವರು. ಆ ಭಯಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ನನಗೆ ಚಿಂತೆ ನಿಮ್ಮ ಎದೆ ಬಿಗಿತದ್ದು.

ಇಂಥ ಕೈಪಿಡಿಗಳ ಅಂಕಿಗಳನ್ನು ಓದುವುದಕ್ಕೂ ಒಂದು ರೂಢಿ ಬೇಕು. ಅಮೆರಿಕದ ಕಾನೂನು ಎಂಟು ಗಂಟೆಯ ಸರಾಸರಿಗೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 0.75 ಭಾಗದವರೆಗೆ ಬಿಡುತ್ತದೆ. ಅದೇ ದೇಶದ ಸಂಶೋಧನಾ ಸಂಸ್ಥೆ ನಯೋಶ್ ತನ್ನ ಕೈಪಿಡಿಯಲ್ಲಿ 0.016 ಸಾಕು ಅನ್ನುತ್ತದೆ. ಒಂದೇ ಸರ್ಕಾರದ ಎರಡು ಕಚೇರಿಗಳ ನಡುವೆ ಸುಮಾರು 47 ಪಟ್ಟು ಅಂತರ! ಬಾಗಿಲು ಮುಚ್ಚಿದ ಹುಳು ಮನೆಯಲ್ಲಿ ಅಳೆಯುವವರಂತೂ ಯಾರೂ ಇಲ್ಲ. ಕಣ್ಣಲ್ಲಿ ನೀರು ಬಂತೆಂದರೆ ಹೊರಗೆ ಬನ್ನಿ. ಮೂಗಿಗೆ ಅಭ್ಯಾಸವಾಗಿ ವಾಸನೆ ಕಡಿಮೆಯಾದಂತೆ ಕಂಡರೆ ಅದನ್ನು ನಂಬಬೇಡಿ.

ಇನ್ನು ಕೆಮ್ಮು. ಅದು ಯಾವಾಗ ಶುರುವಾಗುತ್ತದೆ, ಒಂದು ಬೆಳೆಯ ಉದ್ದಕ್ಕೂ ಬರೆದಿಡಿ. ಫಾರ್ಮಲಿನ್ ಹೊಡೆದ ದಿನವೇ ಅಥವಾ ಅಂದು ರಾತ್ರಿಯೇ ಬಂದರೆ ಅನುಮಾನ ಅದರ ಮೇಲೆ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟಾಗ, ಗೂಡು ಬಿಡಿಸುವಾಗ ಹೆಚ್ಚಾದರೆ ಅದು ಹುಳುವಿನ, ಗೂಡಿನ ಧೂಳಿನ ಅಲರ್ಜಿ ಇರಬಹುದು. ರೇಷ್ಮೆ ಕೆಲಸದವರಲ್ಲಿ ಇಂಥ ಆಸ್ತಮಾ ಹೊಸದಲ್ಲ. ಫಾರ್ಮಾಲ್ಡಿಹೈಡ್ ಬಗ್ಗೆ ಎಷ್ಟು ಪುಟ ಓದಿದರೂ ಇದು ಸಿಗುವುದಿಲ್ಲ. ಆ ಚೀಟಿ, ಕ್ಯಾನಿನ ಲೇಬಲ್ಲಿನ ಫೋಟೊ ಎರಡನ್ನೂ ಹಿಡಿದು ವೈದ್ಯರಲ್ಲಿಗೆ ಹೋಗಿ, ಉಸಿರಿನ ಪರೀಕ್ಷೆ ಮಾಡಿಸಿ. ತಡ ಬೇಡ.

ಹೊಡೆಯುವುದನ್ನೇ ಬಿಡಿ ಅನ್ನಲಾರೆ. ಹುಳುವಿಗೆ ಹಾಲುತೊಂಡೆ, ಸುಣ್ಣಕಟ್ಟು ರೋಗ ಬಂದರೆ ಬೆಳೆಯೇ ಹೋಗುತ್ತದೆ. ಆದರೆ ಎದೆಯ ವಿಷಯ ಇತ್ಯರ್ಥವಾಗುವವರೆಗೆ ಆ ಕೆಲಸ ಬೇರೆಯವರು ಮಾಡಲಿ. ಅವರ ಬಾಯಿಗೂ ಟವೆಲು ಸುತ್ತಿದರೆ ಸಾಲದು. ಬಟ್ಟೆ ಮಾಸ್ಕು, ಎನ್-95 ಧೂಳು ತಡೆಯುತ್ತವೆ, ಆವಿಯನ್ನಲ್ಲ. ಫಾರ್ಮಾಲ್ಡಿಹೈಡ್‌ಗೆಂದೇ ಇರುವ ಕಾರ್ಟ್ರಿಡ್ಜ್ ಮಾಸ್ಕ್, ಕನ್ನಡಕ, ರಬ್ಬರ್ ಕೈಗವಸು ಬೇಕು. ಬಾಗಿಲಿನ ಕಡೆಗೆ ಹಿಂದೆ ಸರಿಯುತ್ತ ಹೊಡೆಯಲಿ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ನೀರು ಬಿಡಲಿ. ಹುಳು ಮನೆಗೆ ಬ್ಲೀಚಿಂಗ್ ಪೌಡರನ್ನೂ ಬಳಸುವುದಾದರೆ ಅದಕ್ಕೆ ಬೇರೆ ಯಾವುದನ್ನೂ ಬೆರೆಸಬಾರದು, ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಮಗಳಿಗೂ ಒಂದು ಕೆಲಸವಿದೆ. ಪ್ರತಿ ರಾಸಾಯನಿಕಕ್ಕೂ ತಯಾರಕರು ಕೊಡುವ ಸುರಕ್ಷತಾ ಪತ್ರದಲ್ಲಿ 16 ಭಾಗ ಇರುತ್ತವೆ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಎಂಟನೆಯದು ರಕ್ಷಣೆಯ ಸಾಮಗ್ರಿ. ಅವೆರಡನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಹುಳು ಮನೆ ಬಾಗಿಲಿಗೆ ಅಂಟಿಸಲಿ.