ಕೊಟ್ಟಿಗೆ ಮುಂದಿನ ಹಲಸು ಹಳದಿಯಾದರೆ



ಗುಬ್ಬಿ, ಕುಣಿಗಲ್ ಕಡೆ ರಾಸು ನೋಡಲು ಹೋದಾಗ ಕೆಲವರು ಮರವನ್ನೂ ತೋರಿಸುತ್ತಾರೆ. "ಡಾಕ್ಟ್ರೇ, ಹಲಸಿನ ಎಲೆ ಹಳದಿ ತಿರುಗ್ತಿದೆ, ಯಾವ ಔಷಧಿ ಹೊಡೀಲಿ?" ಬದುವಿನ ಹಲಸು ಹಸಿರಾಗಿದ್ದು ಕೊಟ್ಟಿಗೆ ಮುಂದಿನದು ಮಾತ್ರ ಸೊರಗಿದ್ದರೆ ಔಷಧಿಗೆ ಮೊದಲು ಬುಡ ನೋಡಿ. ಬೇಸಿಗೆಯಲ್ಲಿ ಮಿಶ್ರತಳಿ ಹಸುವಿಗೆ ಆ ನೆರಳೇ ಆಧಾರ. ಬಿಸಿಲಿಗೆ ಏದುಸಿರು ಬಿಡುವ ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ.

ಹಳೆಯ ಎಲೆ ಒಂದೊಂದಾಗಿ ಹಣ್ಣಾಗಿ ಉದುರುವುದು ಸಹಜ. ಎಳೆಯ ಎಲೆಯಲ್ಲಿ ನರ ಮಾತ್ರ ಹಸಿರಾಗಿ ನಡುವೆಲ್ಲ ಹಳದಿಯಾದರೆ ಹೆಚ್ಚಾಗಿ ಕಬ್ಬಿಣದ ಕೊರತೆ; ಸುಣ್ಣದ ಮಣ್ಣಿನಲ್ಲೂ ನೀರು ನಿಂತ ಜಾಗದಲ್ಲೂ ಹೀಗಾಗುತ್ತದೆ. ಕೊಟ್ಟಿಗೆ ತೊಳೆದ ನೀರು ಬುಡದಲ್ಲೇ ನಿಲ್ಲುತ್ತಿದೆಯೇ ನೋಡಿ, ಹಲಸು ನಿಂತ ನೀರನ್ನು ತಡೆಯುವ ಮರವಲ್ಲ. ಎಲೆಯ ಅಂಚು ಸುಟ್ಟಂತಾಗಿದ್ದರೆ ಗಂಜಲದ ಮೇಲೆ ಅನುಮಾನ ಪಡಿ. ಒಂದು ಹಸು ದಿನಕ್ಕೆ 10 ಲೀಟರಿಗೂ ಹೆಚ್ಚು ಗಂಜಲ ಹಾಕುತ್ತದೆ. ಅದು ವರ್ಷಗಟ್ಟಲೆ ಒಂದೇ ಕಡೆ ಇಂಗಿದರೆ ಅದರ ಉಪ್ಪು ಬೇರನ್ನು ಸುಡುತ್ತದೆ. ಇಂಥ ಮರಕ್ಕೆ ಹಸಿವೆಂದು ಯೂರಿಯಾ ಹಾಕುವವರಿದ್ದಾರೆ. ಅದು ಗಾಯಕ್ಕೆ ಉಪ್ಪು ಸವರಿದಂತೆ.

ಇನ್ನು ತೊಗಟೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಕಾಂಡಕ್ಕೆ ಕಟ್ಟಿದ ಹಗ್ಗ ಸುತ್ತಲೂ ಉಜ್ಜಿ ಅದನ್ನು ತಿಂದುಹಾಕಿದರೆ ಬೇರು ಉಪವಾಸ ಬೀಳುತ್ತದೆ. ಮರ ಕೆಲವು ತಿಂಗಳು ಹಸಿರಾಗೇ ಕಾಣುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಒಂದು ಬದಿಯಾದರೂ ತೊಗಟೆ ಉಳಿದಿದ್ದರೆ ಆಸೆಯಿದೆ. ಸುತ್ತಲೂ ಹೋಗಿದ್ದರೆ ಉಳಿಸುವುದು ಕಷ್ಟ.

ಹಗ್ಗದ ಗುರುತಲ್ಲದೆ ಹಲ್ಲಿನ ಗುರುತು ಕಂಡರೆ ನನಗೆ ಮರಕ್ಕಿಂತ ಹಸುವಿನ ಚಿಂತೆ. ತೊಗಟೆ ಕಡಿಯುವುದು, ಮಣ್ಣು, ಮೂಳೆ, ಬಟ್ಟೆ ಅಗಿಯುವುದು ಹೆಚ್ಚಾಗಿ ರಂಜಕದ ಕೊರತೆಯ ಲಕ್ಷಣ. ಕೆಲವೊಮ್ಮೆ ಜಂತು ಅಥವಾ ಒಣಮೇವಿನ ಕೊರತೆಯೂ ಇರಬಹುದು. ಅಂಥ ಹಸು ಸರಿಯಾಗಿ ಬೆದೆಗೆ ಬರುವುದಿಲ್ಲ, ಗಬ್ಬ ನಿಲ್ಲುವುದೂ ತಡವಾಗುತ್ತದೆ. ಕರೆಯುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಕೊಡಿ, ಸಗಣಿ ಪರೀಕ್ಷೆ ಮಾಡಿಸಿ ಜಂತುನಾಶಕ ಹಾಕಿಸಿ.

ಮರದ ಚಿಕಿತ್ಸೆಗೆ ಹೆಚ್ಚು ಖರ್ಚಿಲ್ಲ. ಹಗ್ಗ ಬಿಚ್ಚಿ, ಆರೇಳು ಅಡಿ ದೂರ ಗೂಟ ಹೊಡೆಯಿರಿ. ಬುಡಕ್ಕೆ ಒತ್ತಿದ ತಿಪ್ಪೆ ಎಳೆದುಹಾಕಿ. ಹಸಿ ಸಗಣಿಯ ಬಿಸಿ, ತೇವಕ್ಕೆ ತೊಗಟೆ ಕೊಳೆಯುತ್ತದೆ. ಚಿಕ್ಕ ಕಾಲುವೆ ತೆಗೆದು ಗಂಜಲವನ್ನು ಗುಂಡಿಗೆ ಬಿಡಿ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ ಮೇವಿನ ಹುಲ್ಲಿಗೆ ಹಾಯಿಸಿ. ತುಳಿದು ಗಟ್ಟಿಯಾದ ಮಣ್ಣನ್ನು ಮೇಲುಮೇಲೆ ಸಡಿಲಿಸಿ, ಆಳಕ್ಕೆ ಅಗೆದು ಬೇರು ಕಡಿಯಬೇಡಿ.

ಕಾಂಡದಲ್ಲಿ ತೂತು, ಹೊಟ್ಟಿನಂಥ ಪುಡಿ ಕಂಡರೆ ಅದು ಕೊರೆಯುವ ಹುಳು. ಫೋಟೊ ತೆಗೆದುಕೊಂಡು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಔಷಧಿ ಹೊಡೆದ ಮರದ ಸೊಪ್ಪನ್ನು ಅವರು ಹೇಳಿದಷ್ಟು ದಿನ ಕಳೆಯುವವರೆಗೆ ಹಸುವಿಗಾಗಲಿ ಮೇಕೆಗಾಗಲಿ ಹಾಕಬೇಡಿ.